ಒಂದೇ ಕೋಣೆಯಲ್ಲಿ ಚಿತ್ರವೂ ಹಾಡೂ: ಸಣ್ಣ ಸಮುದಾಯದ ಕಲಾಸಂಜೆಗೆ ಸಮಗ್ರ ಮಾರ್ಗದರ್ಶಿ

1678ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್‌ನಲ್ಲಿ ಥಾಮಸ್ ಬ್ರಿಟನ್ ಎಂಬ ಇದ್ದಿಲು ವ್ಯಾಪಾರಿ ತನ್ನ ದಾಸ್ತಾನು ಕೋಣೆಯ ಮೇಲಿನ ಅಟ್ಟದಲ್ಲಿ ಸಂಗೀತ ಕಚೇರಿ ಶುರುಮಾಡಿದ. ಹಗಲೆಲ್ಲ ಹೆಗಲ ಮೇಲೆ ಮೂಟೆ ಹೊತ್ತು ಬೀದಿ ಬೀದಿ ತಿರುಗುವ ಮನುಷ್ಯ ಸಂಜೆಗೆ ಕಚೇರಿಯ ಯಜಮಾನ. ಹೊರಗಿನಿಂದ ಹತ್ತಬೇಕಾದ ಇಕ್ಕಟ್ಟಿನ ಮೆಟ್ಟಿಲು, ತಲೆಗೆ ತಗಲುವಂಥ ಮಾಡು, ಕಿರಿದಾದ ಕೋಣೆ. ಆದರೂ 1714ರಲ್ಲಿ ಆತ ತೀರಿಕೊಳ್ಳುವವರೆಗೂ ಜನ ಬರುತ್ತಲೇ ಇದ್ದರು. ಸಂಗೀತಗಾರ ಹ್ಯಾಂಡೆಲ್ ಕೂಡ ಅಲ್ಲಿ ನುಡಿಸಿದ್ದ ಎನ್ನುತ್ತಾರೆ. ಸಭಾಂಗಣವಿಲ್ಲ, ದುಡ್ಡಿಲ್ಲ ಎಂದು ಕೈಕಟ್ಟಿ ಕೂತವರಿಗೆ ನಾನು ಮೊದಲು ಹೇಳುವುದು ಈತನ ಕತೆಯನ್ನೇ.

ಸಣ್ಣ ಸಮುದಾಯದಲ್ಲಿ ಚಿತ್ರಪ್ರದರ್ಶನವನ್ನೇ ಬೇರೆ, ಸಂಗೀತವನ್ನೇ ಬೇರೆ ಮಾಡುವಷ್ಟು ಜನಬಲ ಇರುವುದಿಲ್ಲ. ಹಾಗಾಗಿ ಎರಡನ್ನೂ ಒಂದೇ ಸಂಜೆಗೆ ಸೇರಿಸುತ್ತೇವೆ. ತೊಂದರೆ ಹುಟ್ಟುವುದು ಅಲ್ಲೇ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವ ಹಾಗೆ ಇವೆರಡರ ಸ್ವಭಾವವೇ ಬೇರೆ. ಚಿತ್ರ ನೋಡುವವರು ನಡೆಯಬೇಕು, ಹತ್ತಿರ ಹೋಗಿ ಮತ್ತೆ ಹಿಂದೆ ಸರಿಯಬೇಕು, ಪಕ್ಕದವರ ಜೊತೆ ಮಾತಾಡಬೇಕು. ಹಾಡು ಕೇಳುವವರು ಕೂತು ಸುಮ್ಮನಿರಬೇಕು. ಗೋಡೆ ಚಿತ್ರಕ್ಕೆ, ಮೂಲೆ ಹಾಡಿಗೆ ಎಂದು ಜಾಗ ಹಂಚಿಬಿಟ್ಟರೆ ಇದು ಬಗೆಹರಿಯುವುದಿಲ್ಲ, ಸಮಯ ಹಂಚಬೇಕು. ಈ ಬರಹದ ಉಳಿದೆಲ್ಲ ಸಲಹೆಗಳು ಆ ಒಂದು ತೀರ್ಮಾನದ ಬೆನ್ನಿಗೇ ಬರುತ್ತವೆ.

ಹಂತ 1: ಮೂರು ಜನ, ಎಂಟು ವಾರ

ಹದಿನೈದು ಜನರ ಸಮಿತಿ ಮಾಡಬೇಡಿ. ಮೂವರು ಸಾಕು: ಗೋಡೆಯ ಹೊಣೆ ಒಬ್ಬರದು, ವೇದಿಕೆಯ ಹೊಣೆ ಇನ್ನೊಬ್ಬರದು, ಬಾಗಿಲು ಮತ್ತು ದುಡ್ಡಿನ ಹೊಣೆ ಮೂರನೆಯವರದು. ಸಹಾಯಕ್ಕೆ ಎಷ್ಟು ಕೈಗಳಾದರೂ ಸೇರಲಿ, ಆದರೆ ಒಂದು ಕೆಲಸಕ್ಕೆ ಉತ್ತರ ಹೇಳಬೇಕಾದವರು ಒಬ್ಬರೇ ಇರಲಿ. ತಾವೇ ಚಿತ್ರ ಇಡುತ್ತಿರುವವರಿಗೆ ಗೋಡೆಯ ಹೊಣೆ ಕೊಡಬೇಡಿ. ಒಳ್ಳೆಯ ಜಾಗ ಯಾರ ಪಾಲಾಯಿತು ಎಂಬ ಗುಸುಗುಸು ಸಣ್ಣ ಊರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಎಂಟು ವಾರ ಮುಂಚೆ ಜಾಗ ಮತ್ತು ದಿನ ಗೊತ್ತಾಗಲಿ. ಆರು ವಾರಕ್ಕೆ ಕಲಾವಿದರು ಮತ್ತು ಹಾಡುವವರು ಖಚಿತವಾಗಲಿ. ನಾಲ್ಕು ವಾರಕ್ಕೆ ಪೋಸ್ಟರ್ ಹೊರಬೀಳಲಿ. ಕೊನೆಯ ವಾರವನ್ನು ಪೂರ್ತಿಯಾಗಿ ತೂಗುಹಾಕುವುದಕ್ಕೆ, ತಂತಿ ಎಳೆಯುವುದಕ್ಕೆ ಬಿಟ್ಟುಕೊಳ್ಳಿ.

ಹಂತ 2: ಜಾಗ ನೋಡುವುದು

ಕೋಣೆಗೆ ಹೋದ ತಕ್ಷಣ ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ತಟ್ಟನೆ ನಿಂತರೆ ಒಳ್ಳೆಯದು. ಝಣಝಣ ಎಂದು ಎಳೆದುಕೊಂಡು ಹೋದರೆ ಆ ಕೋಣೆಯಲ್ಲಿ ಹಾಡಿನ ಪದಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಚಿತ್ರಕ್ಕೆ ಹೇಳಿಮಾಡಿಸಿದ ಜಾಗ, ಅಂದರೆ ಬೋಳು ಬಿಳಿ ಗೋಡೆ, ನುಣುಪು ನೆಲ, ಎತ್ತರದ ಮಾಡು, ಹಾಡಿಗೆ ಬಹುಮಟ್ಟಿಗೆ ಶತ್ರುವೇ.

ಇದು ಹಳೆಯ ಜಗಳ. ಕೋಣೆಯೊಳಗಿನ ಧ್ವನಿಯ ವಿಜ್ಞಾನ ಹುಟ್ಟಿದ್ದೇ ಒಂದು ಕಲಾ ಸಂಗ್ರಹಾಲಯದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಯಾರು ಏನು ಮಾತಾಡಿದರೂ ಅರ್ಥವಾಗುತ್ತಿರಲಿಲ್ಲ. ಸದ್ದು ಅಡಗಲು ಐದೂವರೆ ಸೆಕೆಂಡ್ ಬೇಕಾಗುತ್ತಿತ್ತು. 1895ರಲ್ಲಿ ವಾಲೆಸ್ ಸೇಬಿನ್ ಎಂಬ ತರುಣ ಪ್ರಾಧ್ಯಾಪಕರಿಗೆ ಇದನ್ನು ಸರಿಪಡಿಸುವ ಕೆಲಸ ಬಿತ್ತು. ಅವರು ರಾತ್ರಿ ಹೊತ್ತು ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ ಹರಡಿ, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗುವ ಹೊತ್ತನ್ನು ಅಳೆದರು. ಮೆತ್ತೆ ಹೆಚ್ಚಿದಷ್ಟೂ ಗದ್ದಲ ಕಡಿಮೆ. ನಮಗೆ ಇದರಿಂದ ಸಿಗುವ ಪಾಠ ಅಗ್ಗದ್ದು: ವೇದಿಕೆಯ ಹಿಂದೆ ದಪ್ಪನೆಯ ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಇಳಿಬಿಡಿ, ಅದರ ಕೆಳಗೆ ಜಮಖಾನ ಹಾಸಿ. ಬಟ್ಟೆ ಗೋಡೆಗೆ ಅಂಟಿಕೊಳ್ಳದೆ ಒಂದು ಗೇಣು ದೂರ ನಿಂತರೆ ಇನ್ನೂ ಒಳ್ಳೆಯದು. ಜನರೂ ಸದ್ದನ್ನು ಹೀರುತ್ತಾರೆ. ತೆರೆದ ಕಿಟಕಿಯಿಂದ ಹೊರಹೋದ ಸದ್ದು ಮರಳುವುದಿಲ್ಲವಲ್ಲ, ಒಬ್ಬೊಬ್ಬರೂ ಸುಮಾರು ಅರ್ಧ ಚದರ ಮೀಟರ್‌ನ ಅಂಥ ಕಿಟಕಿಗೆ ಸಮ. ಖಾಲಿ ಕೋಣೆಯಲ್ಲಿ ಕೆಟ್ಟದಾಗಿ ಕೇಳಿದ್ದು ತುಂಬಿದ ಮೇಲೆ ಸುಧಾರಿಸುತ್ತದೆ ಎಂಬ ಧೈರ್ಯ ಇರಲಿ.

ಚಪ್ಪಾಳೆ ಆದಮೇಲೆ ಉಳಿದವನ್ನು ನೋಡಿ: ಗೋಡೆಗೆ ಮೊಳೆ ಹೊಡೆಯಲು ಬಿಡುತ್ತಾರೆಯೇ, ಪ್ಲಗ್ ಪಾಯಿಂಟ್‌ಗಳು ಎಲ್ಲಿವೆ, ಎರಡನೆಯ ಬಾಗಿಲು ಇದೆಯೇ, ಗಾಲಿಕುರ್ಚಿ ಒಳಗೆ ಬರುತ್ತದೆಯೇ, ಶೌಚಾಲಯಕ್ಕೆ ವೇದಿಕೆಯ ಮುಂದೆಯೇ ಹಾದು ಹೋಗಬೇಕೇ. ಪಕ್ಕದ ಮನೆಯವರನ್ನು ಮರೆಯಬೇಡಿ. ನೀವೇ ಹೋಗಿ ಹೇಳಿ ಕರೆದರೆ ಅವರು ಕೇಳುಗರಾಗುತ್ತಾರೆ, ಬಿಟ್ಟರೆ ದೂರು ಕೊಡುತ್ತಾರೆ.

ಎಷ್ಟು ಜನ ಹಿಡಿಸುತ್ತಾರೆ ಎನ್ನುವುದನ್ನು ಅಂದಾಜಿಗೆ ಬಿಡದೆ ಅಳೆದೇ ನೋಡಿ. ಕೋಣೆ 10 ಮೀಟರ್ ಉದ್ದ, 6 ಮೀಟರ್ ಅಗಲ ಎಂದುಕೊಳ್ಳಿ. ಒಂದು ತುದಿಯ ಎರಡೂವರೆ ಮೀಟರ್ ವೇದಿಕೆಗೆ ಹೋಯಿತು. ಉಳಿದ ಮೂರು ಗೋಡೆಗಳ ಉದ್ದಕ್ಕೂ 1.2 ಮೀಟರ್ ಪಟ್ಟಿಯನ್ನು ಖಾಲಿ ಬಿಡಬೇಕು, ಇಲ್ಲದಿದ್ದರೆ ಕುರ್ಚಿಯ ಬೆನ್ನು ಚಿತ್ರಕ್ಕೆ ಉಜ್ಜುತ್ತದೆ. ಕುರ್ಚಿಗೆ ಉಳಿದದ್ದು 6.3 ಮೀಟರ್ ಉದ್ದ, 3.6 ಮೀಟರ್ ಅಗಲ. ಸಾಲಿಗೆ ಏಳು, ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್, ಅಂಥ ಐದು ಸಾಲು. ಅಂದರೆ 35 ಜನ. 60 ಚದರ ಮೀಟರ್ ಕೋಣೆಗೆ ಇದು ಕಡಿಮೆ ಎನಿಸಬಹುದು. ನೂರು ಜನರನ್ನು ತುರುಕಿದ ಕೋಣೆಯಲ್ಲಿ ಗೋಡೆಯ ಮೇಲೆ ಏನಿತ್ತು ಎಂದು ಯಾರಿಗೂ ನೆನಪಿರುವುದಿಲ್ಲ.

ಹಂತ 3: ಗಡಿಯಾರ ಹಂಚುವುದು

ಇದನ್ನು ಮೊದಲು ಬರೆಯಿರಿ, ಉಳಿದದ್ದು ಆಮೇಲೆ. ನಾನು ಒಪ್ಪುವ ವೇಳಾಪಟ್ಟಿ ಹೀಗಿರುತ್ತದೆ:

4:00 – ಬಾಗಿಲು ತೆರೆಯುತ್ತದೆ. ಚಿತ್ರಗಳು ಮಾತ್ರ. ಹಿನ್ನೆಲೆ ಸಂಗೀತವೂ ಬೇಡ.
6:00 – ಚಿತ್ರ ಬರೆದವರಲ್ಲಿ ಒಬ್ಬಿಬ್ಬರು ತಮ್ಮ ಚಿತ್ರದ ಪಕ್ಕವೇ ನಿಂತು ಐದೈದು ನಿಮಿಷ ಮಾತಾಡುತ್ತಾರೆ.
6:15 – ಎಲ್ಲರೂ ಕೂರುತ್ತಾರೆ. ಸಂಗೀತದ ಮೊದಲ ಭಾಗ, ಮುಕ್ಕಾಲು ಗಂಟೆ.
7:00 – ಬಿಡುವು, ಪೂರಾ ನಲವತ್ತು ನಿಮಿಷ.
7:40 – ಎರಡನೆಯ ಭಾಗ, ಮತ್ತೆ ಮುಕ್ಕಾಲು ಗಂಟೆ.
8:25ರಿಂದ 9:00 – ಮತ್ತೆ ಚಿತ್ರಗಳು. ಕೊಳ್ಳುವವರು ಕೊಳ್ಳುವ ಹೊತ್ತು.

ನಲವತ್ತು ನಿಮಿಷದ ಬಿಡುವು ಉದ್ದವಾಯಿತು ಎಂದು ಹಾಡುವವರು ತಕರಾರು ತೆಗೆಯುತ್ತಾರೆ. ಬಗ್ಗಬೇಡಿ. ಹಾಡು ಕೇಳಲೆಂದೇ ಬಂದವರು ಗೋಡೆಯ ಕಡೆ ತಿರುಗುವುದು ಆಗಲೇ. ಮುಕ್ಕಾಲು ಗಂಟೆ ಕೂತಿದ್ದಾಗ ಓರೆಗಣ್ಣಿನಲ್ಲಿ ನೋಡುತ್ತಿದ್ದ ಚಿತ್ರದ ಹತ್ತಿರ ಈಗ ಎದ್ದು ಹೋಗುತ್ತಾರೆ. ಹತ್ತು ನಿಮಿಷದ ಬಿಡುವಿನಲ್ಲಿ ಅವರು ಶೌಚಾಲಯದ ಸಾಲಿನಲ್ಲೇ ಇರುತ್ತಾರೆ.

ಪ್ರದರ್ಶನ ಒಂದೇ ದಿನಕ್ಕೆ ಮುಗಿಯದೆ ವಾರಪೂರ್ತಿ ಇದ್ದರೆ ಕೆಲಸಕ್ಕೆ ಹೋಗುವವರಿಗಾಗಿ ರಾತ್ರಿ ಹೊತ್ತೂ ಸ್ವಲ್ಪ ತೆರೆದಿಡಿ. 1874ರ ಏಪ್ರಿಲ್‌ನಲ್ಲಿ ಮೊನೆ, ದೆಗಾ, ರೆನ್ವಾ, ಬರ್ತ್ ಮೊರಿಸೊ ಮೊದಲಾದ ಮೂವತ್ತು ಕಲಾವಿದರು ಪ್ಯಾರಿಸ್ಸಿನಲ್ಲಿ ಛಾಯಾಗ್ರಾಹಕ ನದಾರ್ ತೆರವು ಮಾಡಿದ್ದ ಸ್ಟುಡಿಯೋದಲ್ಲಿ ತಮ್ಮ ಪಾಡಿಗೆ ತಾವೇ ಪ್ರದರ್ಶನ ನಡೆಸಿದಾಗ, ಹಗಲಿನ ಜೊತೆಗೆ ರಾತ್ರಿ ಎಂಟರಿಂದ ಹತ್ತರವರೆಗೂ ಬಾಗಿಲು ತೆರೆದಿಟ್ಟಿದ್ದರು. ಇಂಪ್ರೆಷನಿಸ್ಟರ, ಅಂದರೆ ಕ್ಷಣದ ಬೆಳಕನ್ನು ಬಣ್ಣದಲ್ಲಿ ಹಿಡಿಯಹೊರಟ ಚಿತ್ರಕಾರರ, ಮೊದಲ ಪ್ರದರ್ಶನ ಎಂದು ಈಗ ಹೆಸರಾಗಿರುವುದು ಅದೇ.

ಹಂತ 4: ಕರಾರು ಕಾಗದದಲ್ಲಿ

ಊರಿನವರೇ, ಗೊತ್ತಿದ್ದವರೇ ಎಂದು ಬಾಯಿಮಾತಿನಲ್ಲಿ ಮುಗಿಸಬೇಡಿ. ಚಿತ್ರ ಕೊಡುವ ಪ್ರತಿಯೊಬ್ಬರಿಗೂ ಒಂದು ಪುಟದ ಕಾಗದ: ಚಿತ್ರದ ಹೆಸರು, ವರ್ಷ, ಮಾಧ್ಯಮ, ಅಳತೆ, ಬೆಲೆ, ಮಾರಾಟವಾದರೆ ಆಯೋಜಕರ ಪಾಲು ಎಷ್ಟು, ಯಾವಾಗ ತಂದುಕೊಡಬೇಕು, ಯಾವಾಗ ವಾಪಸ್ ಒಯ್ಯಬೇಕು, ನಡುವೆ ಹಾನಿಯಾದರೆ ಯಾರು ಹೊಣೆ. ಚಿತ್ರ ಕೈಗೆ ಬಂದ ಕ್ಷಣವೇ ಕೊಟ್ಟವರ ಎದುರಲ್ಲೇ ಮುಂದಿನಿಂದ, ಹಿಂದಿನಿಂದ, ನಾಲ್ಕೂ ಮೂಲೆಯ ಫೋಟೋ ತೆಗೆಯಿರಿ. ಚೌಕಟ್ಟಿನ ಮೂಲೆಯಲ್ಲಿದ್ದ ಸೀಳು ಮೊದಲೇ ಇತ್ತೋ ಆಮೇಲೆ ಬಂತೋ ಎಂಬ ವಾದವನ್ನು ಆ ಫೋಟೋ ಒಂದೇ ತೀರಿಸುತ್ತದೆ.

ಪೋಸ್ಟರ್ ಮೇಲೆ ಚಿತ್ರ ಅಚ್ಚು ಹಾಕಲು ಪ್ರತ್ಯೇಕ ಒಪ್ಪಿಗೆ ಬರೆಸಿಕೊಳ್ಳಿ. ಚಿತ್ರ ಯಾರದೋ ಮನೆಗೆ ಮಾರಾಟವಾಗಿದ್ದರೂ ಅದರ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಕಲಾವಿದರ ಬಳಿಯೇ ಉಳಿದಿರುತ್ತದೆ.

ಸಂಗೀತಗಾರರಿಗೆ ಕೇಳಬೇಕಾದದ್ದು ಬೇರೆ: ಎಷ್ಟು ಜನ, ಯಾವ ವಾದ್ಯ, ಎಷ್ಟು ಮೈಕು, ಕುರ್ಚಿ ಬೇಕೋ ನೆಲದ ಮೇಲೋ, ಎಷ್ಟು ಹೊತ್ತು. ವೇದಿಕೆಯ ಮೇಲೆ ಯಾರು ಎಲ್ಲಿ ಕೂರುತ್ತಾರೆ ಎಂದು ಕೈಯಲ್ಲೇ ಒಂದು ನಕ್ಷೆ ಬರೆದು ಕಳಿಸಲು ಹೇಳಿ. ದುಡ್ಡು ಎಷ್ಟು, ಯಾವತ್ತು ಎಂಬುದೂ ಇದರಲ್ಲೇ ಇರಲಿ. ಪ್ರಚಾರ ಸಿಗುತ್ತದಲ್ಲ ಎಂದು ಬಿಟ್ಟಿ ಹಾಡಿಸುವವರ ಬಗ್ಗೆ ನನಗೆ ಗೌರವವಿಲ್ಲ. ಕೊಡಲು ಏನೂ ಇಲ್ಲದಿದ್ದರೆ ಟಿಕೆಟ್ ಹಣದಲ್ಲಿ ಇಂತಿಷ್ಟು ಪಾಲು ಎಂದು ಮೊದಲೇ ಹೇಳಿ.

ಬೇರೆಯವರು ರಚಿಸಿದ ಹಾಡನ್ನು ಸಾರ್ವಜನಿಕವಾಗಿ ಹಾಡಲು ಬಹುತೇಕ ದೇಶಗಳಲ್ಲಿ ಹಕ್ಕುದಾರರ ಸಂಘದಿಂದ ಪರವಾನಗಿ ಬೇಕು. ಅದನ್ನು ಪಡೆಯುವ ಕೆಲಸ ಹೆಚ್ಚಾಗಿ ಬೀಳುವುದು ಆಯೋಜಕರ ಅಥವಾ ಜಾಗದ ಮಾಲೀಕರ ತಲೆಗೆ. ಜಾಗದವರು ಈಗಾಗಲೇ ಪಡೆದಿದ್ದಾರೆಯೇ ಎಂದು ಮೊದಲು ಕೇಳಿ.

ಹಂತ 5: ಚಿತ್ರ ತೂಗುಹಾಕುವುದು

ಎಲ್ಲಕ್ಕಿಂತ ಮೊದಲು ಚಿತ್ರಗಳನ್ನೆಲ್ಲ ಗೋಡೆಗೆ ಒರಗಿಸಿ ನೆಲದ ಮೇಲೆ ಸಾಲಾಗಿ ಇಡಿ. ಒಂದು ಸುತ್ತು ನಡೆದು ನೋಡಿ, ಅದಲುಬದಲು ಮಾಡಿ, ಮತ್ತೆ ನಡೆಯಿರಿ. ಇದಕ್ಕೆ ಅರ್ಧ ದಿನ ಹೋದರೂ ನಷ್ಟವಿಲ್ಲ. ಮೊಳೆ ಹೊಡೆದ ಮೇಲೆ ಮನಸ್ಸು ಬದಲಾಯಿಸುವುದೇ ದುಬಾರಿ. ಬಾಗಿಲಿನಿಂದ ಒಳಬಂದವರ ಕಣ್ಣಿಗೆ ಮೊದಲು ಬೀಳುವ ಜಾಗಕ್ಕೆ ದೂರದಿಂದಲೇ ಸೆಳೆಯುವ ಒಂದು ದೊಡ್ಡ ಚಿತ್ರ ಇರಲಿ. ಸಣ್ಣ, ಸೂಕ್ಷ್ಮ ಕೆಲಸಗಳನ್ನು ಜನ ನಿಲ್ಲಬಹುದಾದ ಮೂಲೆಗೆ ಹಾಕಿ.

ಎತ್ತರಕ್ಕೆ ಒಂದು ಲೆಕ್ಕವಿದೆ. ಚಿತ್ರದ ನಡುಬಿಂದು ನೆಲದಿಂದ 145 ಸೆಂಟಿಮೀಟರ್ ಆಸುಪಾಸು ಇರಬೇಕು, ಅಂದರೆ ಸಾಧಾರಣ ಎತ್ತರದವರ ಕಣ್ಣಿನ ಮಟ್ಟ. ಚಿತ್ರ ಚಿಕ್ಕದಿರಲಿ ದೊಡ್ಡದಿರಲಿ, ನಡುಬಿಂದು ಒಂದೇ ಗೆರೆಯಲ್ಲಿದ್ದರೆ ಗೋಡೆ ಅಚ್ಚುಕಟ್ಟಾಗಿ ಕಾಣುತ್ತದೆ. ಮೊಳೆ ಎಲ್ಲಿ ಹೊಡೆಯಬೇಕು? 60 ಸೆಂಟಿಮೀಟರ್ ಎತ್ತರದ ಒಂದು ಚಿತ್ರ ತೆಗೆದುಕೊಳ್ಳಿ. ಅದನ್ನು ತಿರುಗಿಸಿ, ಹಿಂದಿನ ತಂತಿಯ ನಡುಭಾಗವನ್ನು ಬೆರಳಿನಿಂದ ಮೇಲಕ್ಕೆ ಎಳೆದು ಬಿಗಿ ಮಾಡಿ. ಚೌಕಟ್ಟಿನ ಮೇಲಂಚಿನಿಂದ ಬೆರಳಿಗೆ 8 ಸೆಂಟಿಮೀಟರ್ ಇದೆ ಎನ್ನಿ. 145ಕ್ಕೆ ಚಿತ್ರದ ಅರ್ಧ ಎತ್ತರ 30 ಕೂಡಿಸಿ, ಅದರಲ್ಲಿ 8 ಕಳೆಯಿರಿ. 167 ಸೆಂಟಿಮೀಟರ್‌ಗೆ ಕೊಕ್ಕೆ. ಪ್ರತಿ ಚಿತ್ರಕ್ಕೂ ಇದೇ ಲೆಕ್ಕ. ಕಾಗದದಲ್ಲಿ ಮೊದಲೇ ಪಟ್ಟಿ ಮಾಡಿಟ್ಟುಕೊಂಡರೆ ಇಬ್ಬರು ಸೇರಿ ಒಂದೇ ಮಧ್ಯಾಹ್ನದಲ್ಲಿ ಇಡೀ ಕೋಣೆ ಮುಗಿಸಬಹುದು.

ಅಗಲದ ಚಿತ್ರಕ್ಕೆ ಒಂದರ ಬದಲು ಎರಡು ಕೊಕ್ಕೆ ಹಾಕಿ, ಆಗ ಅದು ವಾಲುವುದಿಲ್ಲ. ರಸಮಟ್ಟ ಇಟ್ಟು ನೋಡಿ. ಸಂಗೀತವೂ ಇರುವ ಕೋಣೆಗೆ ಇನ್ನೊಂದು ಎಚ್ಚರ ಬೇಕು: ತಗ್ಗು ಸ್ವರದ ಹೊಡೆತಕ್ಕೆ ಗಾಜು ಹಾಕಿದ ಚೌಕಟ್ಟುಗಳು ಗೋಡೆಗೆ ತಾಗಿ ಗಿರ್ರೆನ್ನುತ್ತವೆ, ಕ್ರಮೇಣ ವಾರೆಯಾಗುತ್ತವೆ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿದರೆ ಎರಡೂ ನಿಲ್ಲುತ್ತವೆ. ಗಾಜಿನ ಚಿತ್ರಗಳನ್ನು ಸ್ಪೀಕರ್‌ನ ಹತ್ತಿರದ ಗೋಡೆಗೆ ಹಾಕದಿರುವುದು ಇನ್ನೂ ವಾಸಿ.

ಹೆಸರುಚೀಟಿ ಎಲ್ಲ ಚಿತ್ರಗಳಿಗೂ ಒಂದೇ ಬದಿಗೆ, ಒಂದೇ ಎತ್ತರದಲ್ಲಿರಲಿ. ಅಕ್ಷರ ದೊಡ್ಡದಾಗಿರಲಿ. ಬೆಲೆಯನ್ನು ಮುಚ್ಚಿಡಬೇಡಿ. ಕೇಳಲು ಸಂಕೋಚಪಡುವವರೇ ಹೆಚ್ಚು. ಅವರು ಕೇಳದೇ ಹೊರಟುಹೋಗುತ್ತಾರೆ.

ಹಂತ 6: ಬೆಳಕು

ದೀಪ ಮೇಲಿನಿಂದ, ಗೋಡೆಗೆ ಸುಮಾರು 30 ಡಿಗ್ರಿ ಕೋನದಲ್ಲಿ ಬೀಳಲಿ. ಗೋಡೆಯಿಂದ ತೀರಾ ದೂರ ಸರಿದರೆ ಗಾಜಿನಲ್ಲಿ ಪ್ರತಿಫಲಿಸುತ್ತದೆ, ನೋಡುವವರ ನೆರಳೂ ಚಿತ್ರದ ಮೇಲೆ ಬೀಳುತ್ತದೆ; ತೀರಾ ಹತ್ತಿರವಾದರೆ ಚೌಕಟ್ಟಿನ ನೆರಳು ಬಣ್ಣದ ಮೇಲೆ ಇಳಿಯುತ್ತದೆ. ಎಲ್‌ಇಡಿ ದೀಪ ಕೊಳ್ಳುವಾಗ ಬಣ್ಣ ನಿಷ್ಠೆಯ ಅಂಕ, ಅಂದರೆ ಸಿಆರ್‌ಐ, 90ಕ್ಕಿಂತ ಮೇಲಿರುವುದನ್ನು ಆರಿಸಿ. ಒಂದು ದೀಪ ಹಳದಿ, ಪಕ್ಕದ್ದು ನೀಲಿ ಆಗದಂತೆ ಎಲ್ಲದರ ಬೆಳಕಿನ ಬಣ್ಣದ ಅಳತೆಯೂ 3000 ಕೆಲ್ವಿನ್ ಇರಲಿ. ಜಲವರ್ಣ ಮತ್ತು ಕಾಗದದ ಮೇಲಿನ ಕೆಲಸಗಳಿಗೆ ಸಂಗ್ರಹಾಲಯಗಳು ಬೆಳಕಿನ ಪ್ರಮಾಣದಲ್ಲಿ 50 ಲಕ್ಸ್ ದಾಟುವುದಿಲ್ಲ. ಒಂದು ಸಂಜೆಗೆ ಅಷ್ಟು ಕಟ್ಟುನಿಟ್ಟು ಬೇಡ, ಆದರೆ ವಾರಗಟ್ಟಲೆ ಇಡುವುದಾದರೆ ಬಿಸಿಲು ಬೀಳುವ ಗೋಡೆಗೆ ಅವನ್ನು ಹಾಕಬೇಡಿ.

ಹಾಡಿನ ಹೊತ್ತಿಗೆ ಗೋಡೆಯ ದೀಪಗಳನ್ನು ಪೂರ್ತಿ ಆರಿಸದೆ ಅರ್ಧಕ್ಕೆ ಇಳಿಸಿ. ಬಿಡುವು ಬಂದ ಕೂಡಲೇ ಮತ್ತೆ ಏರಿಸಿ. ಎದ್ದು ಬನ್ನಿ ಎಂದು ಮೈಕಿನಲ್ಲಿ ಕೂಗಿ ಹೇಳಬೇಕಾಗಿಲ್ಲ.

ಹಂತ 7: ಧ್ವನಿ

ಮೂವತ್ತೈದು ಜನರ ಕೋಣೆಗೆ ಮೈಕ್ ಬೇಕೇ ಎಂಬುದನ್ನೇ ಮೊದಲು ಕೇಳಿಕೊಳ್ಳಿ. ಒಂದು ತಂತಿವಾದ್ಯ, ಒಂದು ಕಂಠ ಇದ್ದರೆ ಹಲವು ಸಲ ಬೇಡವೇ ಬೇಡ. ಬೇಕೆನಿಸಿದರೆ ಗುರಿ ಜೋರು ಮಾಡುವುದಾಗದೆ, ದನಿ ಚಿಕ್ಕದಿರುವುದನ್ನು ದೊಡ್ಡದರ ಸಮಕ್ಕೆ ತರುವುದಾಗಲಿ. ತಾಳವಾದ್ಯ ತಾನಾಗಿಯೇ ಕೇಳುತ್ತದೆ, ಮೈಕ್ ಕೊಡಬೇಕಾದದ್ದು ಕಂಠಕ್ಕೆ.

ಮೈಕ್ ಕೀರಲು ಕಾರಣ ಒಂದೇ: ಸ್ಪೀಕರ್‌ನಿಂದ ಹೊರಟ ಸದ್ದು ಮತ್ತೆ ಅದೇ ಮೈಕಿಗೆ ಹೋಗಿ, ಇನ್ನಷ್ಟು ದೊಡ್ಡದಾಗಿ ಹೊರಬಂದು ಸುತ್ತು ಹೊಡೆಯುವುದು. ಆದ್ದರಿಂದ ಮುಖ್ಯ ಸ್ಪೀಕರ್‌ಗಳು ಯಾವತ್ತೂ ಮೈಕಿಗಿಂತ ಮುಂದೆ, ಕೇಳುಗರ ಕಡೆ ಇರಬೇಕು. ಹಾಡುವವರು ಮೈಕಿನ ಹತ್ತಿರ ಬಂದಷ್ಟೂ ಅದರ ಮಟ್ಟವನ್ನು ಇಳಿಸಬಹುದು, ಕೀರುವುದೂ ಕಡಿಮೆ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್, ಅಂದರೆ ಮುಖ್ಯವಾಗಿ ಮುಂಬದಿಯ ಸದ್ದನ್ನು ಹಿಡಿಯುವ ಮೈಕ್, ತನ್ನ ನೇರ ಹಿಂಬದಿಯ ಸದ್ದನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ, ಹಾಗಾಗಿ ಹಾಡುವವರಿಗೆ ಕೇಳಿಸಲು ಇಡುವ ಮಾನಿಟರ್ ಸ್ಪೀಕರ್ ಮೈಕಿನ ಬೆನ್ನಿಗೆ ಎದುರಾಗಿ ಕೂರಲಿ. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಡುವ ಚಟವಿದ್ದವರಿಗೆ ಮೊದಲೇ ಮೆಲ್ಲಗೆ ಹೇಳಿ. ಹಾಗೆ ಹಿಡಿದರೆ ಆ ಗುಣ ಹೊರಟುಹೋಗಿ ಮೈಕ್ ಎಲ್ಲ ದಿಕ್ಕಿನಿಂದಲೂ ಸದ್ದು ಹೀರುತ್ತದೆ.

ಸ್ಪೀಕರ್‌ಗಳನ್ನು ಸ್ಟ್ಯಾಂಡಿನ ಮೇಲೆ, ಕೂತವರ ತಲೆಯ ಮೇಲಿಂದ ಹಾಯುವಷ್ಟು ಎತ್ತರಕ್ಕೆ ಏರಿಸಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಅದಕ್ಕಿಂತ ಕಡಿಮೆ ಇಳಿದರೂ ತತ್ವ ಅದೇ. ನೆಲದ ಮೇಲಿಟ್ಟ ಸ್ಪೀಕರ್ ಮುಂದಿನ ಸಾಲಿನ ಕಿವಿ ಒಡೆಯುತ್ತದೆ, ಹಿಂದಿನ ಸಾಲಿಗೆ ತಲುಪುವುದೇ ಇಲ್ಲ. ಎತ್ತರಿಸಿದಾಗ ಎರಡೂ ಸಾಲುಗಳಿಗೆ ದೂರದ ವ್ಯತ್ಯಾಸ ಕಡಿಮೆಯಾಗುತ್ತದೆ.

ಗಿಟಾರ್, ಕೀಬೋರ್ಡ್‌ಗಳಿಂದ ಮಿಕ್ಸರ್‌ಗೆ, ಅಂದರೆ ಎಲ್ಲ ದನಿಗಳನ್ನೂ ಕೂಡಿಸಿ ಮಟ್ಟ ಹೊಂದಿಸುವ ಯಂತ್ರಕ್ಕೆ, ಉದ್ದನೆಯ ತಂತಿ ನೇರವಾಗಿ ಎಳೆದರೆ ಗುಂಯ್ ಎನ್ನುತ್ತದೆ. ಆರು ಮೀಟರ್ ದಾಟುವುದಾದರೆ ನಡುವೆ ಡಿಐ ಬಾಕ್ಸ್, ಅಂದರೆ ವಾದ್ಯದ ಸಂಕೇತವನ್ನು ಉದ್ದ ತಂತಿಗೆ ಹೊಂದಿಸುವ ಸಣ್ಣ ಪೆಟ್ಟಿಗೆ, ಹಾಕಿ, ಅಲ್ಲಿಂದ ಮುಂದೆ ಎಕ್ಸ್‌ಎಲ್‌ಆರ್ ಕೇಬಲ್, ಅಂದರೆ ಮೂರು ಪಿನ್ನಿನ ಮೈಕ್ ತಂತಿ, ಬಳಸಿ. ಕರೆಂಟ್ ಇಲ್ಲದೆ ಕೆಲಸ ಮಾಡದ ಕಂಡೆನ್ಸರ್ ಮೈಕುಗಳಿಗೆ ಮಿಕ್ಸರ್‌ನಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ತಂತಿಯಲ್ಲೇ ಹೋಗುವ ಕರೆಂಟ್, ಹಾಕಬೇಕು. ಹಾಕುವಾಗ ಆ ಚಾನೆಲ್‌ನ ದನಿ ಇಳಿಸಿರಲಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಢಂ ಎನ್ನುತ್ತದೆ. ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ತಿರುಗಾಮುರುಗಾ.

ಎರಡು ಮೂರು ತಂಡಗಳಿದ್ದರೆ ಸೌಂಡ್ ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮುಂಚಿನ ಧ್ವನಿ ಪರೀಕ್ಷೆ, ಉಲ್ಟಾ ಕ್ರಮದಲ್ಲಿ ನಡೆಯಲಿ. ಕೊನೆಗೆ ಹಾಡುವವರು ಮೊದಲು ಬರಲಿ, ಮೊದಲು ಹಾಡುವವರು ಕೊನೆಗೆ. ಆಗ ಅವರ ವಾದ್ಯಗಳು ವೇದಿಕೆಯ ಮೇಲೆ ಇದ್ದಂತೆಯೇ ಉಳಿಯುತ್ತವೆ. ಪ್ರತಿ ತಂಡದ ಚೆಕ್ ಮುಗಿದ ಕೂಡಲೇ ಮಿಕ್ಸರ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಚೆಕ್ ಮಾಡುವಾಗ ತಂಡದ ಅತಿ ಜೋರಿನ ಹಾಡನ್ನೇ ಹಾಡಿಸಿ. ಹಲೋ ಹಲೋ ಒನ್ ಟೂ ತ್ರೀ ಎಂದರೆ ಏನೂ ತಿಳಿಯುವುದಿಲ್ಲ. ಬಾಗಿಲು ತೆರೆಯುವ ಒಂದು ಗಂಟೆ ಮುಂಚೆ ಎಲ್ಲವೂ ಮುಗಿದಿರಬೇಕು, ಮತ್ತು ಗೋಡೆಯಲ್ಲಿ ಡ್ರಿಲ್ ಓಡುತ್ತಿರುವ ಹೊತ್ತಿಗೆ ಚೆಕ್ ಇಟ್ಟುಕೊಳ್ಳಬಾರದು.

ಎಷ್ಟು ಜೋರು? ಕಾರ್ಯಕ್ರಮಗಳಲ್ಲಿ ಹದಿನೈದು ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದು ದೊಡ್ಡ ಜಾತ್ರೆಗಳಿಗೂ ಅನ್ವಯಿಸುವ ಮೇಲ್ಮಿತಿ. ನಿಮ್ಮ ಕೋಣೆಯಲ್ಲಿ ಅದರ ಹತ್ತಿರಕ್ಕೂ ಸುಳಿಯಬೇಕಾಗಿಲ್ಲ.

ಹಂತ 8: ವಿದ್ಯುತ್

ಧ್ವನಿಯ ಉಪಕರಣಗಳೆಲ್ಲ ಒಂದೇ ಸರ್ಕ್ಯೂಟ್‌ನಿಂದ ಕರೆಂಟ್ ಪಡೆಯಲಿ, ದೀಪಗಳು ಇನ್ನೊಂದರಿಂದ. ಗುಂಯ್‌ಗುಡುವಿಕೆ ನಿಲ್ಲಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವವರಿದ್ದಾರೆ. ಅಂಥವರನ್ನು ವೇದಿಕೆಯಿಂದ ದೂರ ಇಡಿ, ಅದು ಪ್ರಾಣ ತೆಗೆಯುವ ಕೆಲಸ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಹೊರೆ ಹಾಕಿದರೆ ಬಿಸಿಯಾಗಿ ಕರಗುತ್ತದೆ, ಪೂರ್ತಿ ಬಿಚ್ಚಿಡಿ. ಕರೆಂಟ್ ತಂತಿಯೂ ಮೈಕ್ ತಂತಿಯೂ ಜೊತೆಜೊತೆಗೆ ಹರಿಯದಿರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ. ಜನ ನಡೆಯುವ ಕಡೆ ತಂತಿಯ ಮೇಲೆ ಬಟ್ಟೆಯ ಟೇಪು ಉದ್ದಕ್ಕೂ ಅಂಟಿಸಿ.

ಹಂತ 9: ಜನರನ್ನು ಕರೆಯುವುದು

ಸಣ್ಣ ಸಮುದಾಯದಲ್ಲಿ ಪ್ರಚಾರ ಎಂದರೆ ನೇರವಾಗಿ ಕರೆಯುವುದು. ಹತ್ತು ಕಲಾವಿದರು, ಆರು ಹಾಡುಗಾರರು ತಲಾ ಐದು ಜನರಿಗೆ ಫೋನ್ ಮಾಡಿದರೆ ಎಂಬತ್ತು ಕರೆಗಳಾದವು. ಪೋಸ್ಟರ್‌ನಲ್ಲಿ ದಿನ, ಜಾಗ, ಬಾಗಿಲು ತೆರೆಯುವ ಹೊತ್ತು, ಹಾಡು ಶುರುವಾಗುವ ಹೊತ್ತು, ಟಿಕೆಟ್ ಇದೆಯೋ ಇಲ್ಲವೋ, ಇಷ್ಟು ಸಾಕು. ಎರಡು ಹೊತ್ತುಗಳನ್ನೂ ಬಿಡಿಬಿಡಿಯಾಗಿ ಬರೆಯಿರಿ. ಬಾಗಿಲಿನ ಹೊತ್ತು ಮಾತ್ರ ಹಾಕಿದರೆ ಹಾಡಿಗೆ ಬಂದವರು ಎರಡು ಗಂಟೆ ಕಾದು ಸಿಡಿಮಿಡಿಗೊಳ್ಳುತ್ತಾರೆ.

ಹಂತ 10: ಆ ಸಂಜೆ, ಮಾರನೆಯ ದಿನ

ಬಾಗಿಲಲ್ಲಿ ಒಬ್ಬರು ನಗುಮುಖದಿಂದ ನಿಂತಿರಲಿ. ಬಂದವರ ಎಣಿಕೆ ಅವರೇ ಇಡಲಿ, ಚಿತ್ರಗಳ ಪಟ್ಟಿಯನ್ನೂ ಅವರೇ ಕೈಗಿಡಲಿ. ತಿಂಡಿ, ಪಾನೀಯದ ಮೇಜು ಚಿತ್ರಗಳಿಂದ ದೂರ, ಸಾಧ್ಯವಾದರೆ ಕೋಣೆಯ ಹೊರಗೇ ಇರಲಿ. ಎರಡನೆಯ ಬಾಗಿಲಿನ ಮುಂದೆ ವಾದ್ಯದ ಖಾಲಿ ಪೆಟ್ಟಿಗೆಗಳು ರಾಶಿ ಬೀಳದಂತೆ ನೋಡಿಕೊಳ್ಳಿ. ಅವು ಯಾವಾಗಲೂ ಅಲ್ಲಿಗೇ ಬಂದು ಸೇರುತ್ತವೆ.

ಮಾರಾಟವಾದ ಚಿತ್ರದ ಚೀಟಿಗೆ ಕೆಂಪು ಚುಕ್ಕೆ ಅಂಟಿಸಿ, ಆದರೆ ಮುಂಗಡ ಕೈಗೆ ಬಂದ ಮೇಲೆ ಮಾತ್ರ. ಪ್ರದರ್ಶನ ಮುಗಿಯುವವರೆಗೂ ಚಿತ್ರವನ್ನು ಗೋಡೆಯಿಂದ ಇಳಿಸಿ ಕೊಡಬೇಡಿ. ಒಂದು ಖಾಲಿ ಕೊಕ್ಕೆ ಕಂಡರೆ ಉಳಿದವರೂ ಈಗಲೇ ಕೊಡಿ ಎನ್ನುತ್ತಾರೆ.

ಹಾಡಿದವರ ದುಡ್ಡನ್ನು ಅವರು ವಾದ್ಯ ಕಟ್ಟಿಕೊಂಡು ಹೊರಡುವ ಮುಂಚೆ ಕೈಗೆ ಕೊಡಿ. ಮಾರನೆಯ ದಿನ ಚಿತ್ರಗಳನ್ನು ವಾಪಸ್ ಕೊಡುವಾಗ ಮೊದಲು ತೆಗೆದಿಟ್ಟ ಫೋಟೋಗಳನ್ನು ತೆರೆದು, ಮೂಲೆ ಮೂಲೆ ತಾಳೆ ನೋಡಿ, ಸಹಿ ಹಾಕಿಸಿಕೊಳ್ಳಿ. ಮಾರಾಟದ ಹಣ ಒಂದು ವಾರದೊಳಗೆ ಕಲಾವಿದರಿಗೆ ಸೇರಲಿ, ಜೊತೆಗೆ ಕೊಂಡವರು ಒಪ್ಪಿದರೆ ಅವರ ಹೆಸರೂ ಹೋಗಲಿ; ತನ್ನ ಚಿತ್ರ ಯಾರ ಮನೆಗೆ ಹೋಯಿತೆಂದು ತಿಳಿಯುವ ಆಸೆ ಬರೆದವರಿಗೆಲ್ಲ ಇರುತ್ತದೆ. ಗೋಡೆಯ ತೂತುಗಳನ್ನು ಮುಚ್ಚಿ, ಮೇಲೆ ಅದೇ ಬಣ್ಣ ಬಳಿದು, ಜಾಗದವರನ್ನು ಕರೆದು ತೋರಿಸಿ ಬೀಗದ ಕೈ ಒಪ್ಪಿಸಿ. ಮುಂದಿನ ಸಲದ ದಿನಾಂಕವನ್ನು ಅಲ್ಲೇ ಕೇಳಿಬಿಡಿ.